ದುಬೈನಿಂದ ಊರಿಗೆ ಯುಎಸ್‌ಡಿಟಿಯಲ್ಲಿ ದುಡ್ಡು: ಲಾಭ ನಿಜವಾ, ಲೆಕ್ಕದಲ್ಲಿ ಮಾತ್ರವಾ?

ಪಡುವಣ_ಗಾಳಿ
ಗಲ್ಫ್‌ನಲ್ಲಿರುವ ನಮ್ಮ ಕರಾವಳಿಯವರ ವಾಟ್ಸಾಪ್ ಗುಂಪುಗಳಲ್ಲಿ ಈಗ ಇದೇ ಮಾತು. ಎಕ್ಸ್‌ಚೇಂಜ್ ಹೌಸ್ ಎದುರು ಕ್ಯೂ ನಿಲ್ಲೋದು ಯಾಕೆ, ದಿರ್ಹಮ್ ಕೊಟ್ಟು ಯುಎಸ್‌ಡಿಟಿ (ಒಂದು ಡಾಲರಿಗೆ ಸಮ ಅನ್ನುವ ಕ್ರಿಪ್ಟೊ ಟೋಕನ್) ತಗೊಳ್ಳಿ, ಊರಲ್ಲಿರುವ ತಮ್ಮನ ವಾಲೆಟ್‌ಗೆ ಹಾಕಿ, ಅವನು ಪಿ2ಪಿಯಲ್ಲಿ, ಅಂದ್ರೆ ಕ್ರಿಪ್ಟೊ ಎಕ್ಸ್‌ಚೇಂಜ್ ಮೂಲಕ ನೇರ ಇನ್ನೊಬ್ಬರಿಗೆ ಮಾರಿ ಯುಪಿಐಯಲ್ಲಿ ರೂಪಾಯಿ ತಗೊಳ್ತಾನೆ, ಹತ್ತು ನಿಮಿಷದ ಕೆಲಸ ಅಂತ.

ಲೆಕ್ಕ ಹೀಗೆ ಕೊಡ್ತಾರೆ. ದಿರ್ಹಮ್ ಡಾಲರಿಗೆ 3.6725ಕ್ಕೆ ಕಟ್ಟಿಹಾಕಿದ ಕರೆನ್ಸಿ. ಡಾಲರಿಗೆ 85 ರೂಪಾಯಿ ಅಂತ ಹಿಡಿದರೆ 10,000 ದಿರ್ಹಮ್ ಅಂದ್ರೆ 2,31,450 ರೂಪಾಯಿ. ಅದೇ 10,000ಕ್ಕೆ ಅಲ್ಲಿ 3.69ರಂತೆ ಯುಎಸ್‌ಡಿಟಿ ಕೊಂಡರೆ 2,710 ಬರ್ತದೆ, ಕಳಿಸುವ ಶುಲ್ಕ 1 ಹೋಗಿ 2,709. ಇಲ್ಲಿ ಪಿ2ಪಿಯಲ್ಲಿ 88ಕ್ಕೆ ಹೋದರೆ 2,38,392. ಏಳು ಸಾವಿರ ಹತ್ತಿರ ಹೆಚ್ಚು. ದರಗಳು ಉದಾಹರಣೆಗೆ ಮಾತ್ರ, ದಿನಾ ಬದಲಾಗ್ತವೆ.

ಇದರಲ್ಲಿ ಎಲ್ಲಿ ಗುಂಡಿ ಉಂಟು? ಗೊತ್ತಿದ್ದವರು ಬಿಡಿಸಿ ಹೇಳಿ ಮಾರಾಯ್ರೆ.

ಗುಬ್ಬಿ_ಗೂಡು
ಗುಣಾಕಾರ ಸರಿಯಾಗಿದೆ. ಆದ್ರೆ ಕಳಿಸೋದು ಕಷ್ಟ ಅಲ್ಲ ಸರ್, ಇಳಿಸ್ಕೊಳ್ಳೋದು ಕಷ್ಟ.

ಹಳೇ_ಪೇಟೆ
ಕ್ರಿಪ್ಟೊ ಇಂಡಿಯಾದಲ್ಲಿ ಬ್ಯಾನ್ ಅಲ್ವಾ? ಆರ್‌ಬಿಐ ಯಾವಾಗ್ಲೋ ನಿಷೇಧ ಮಾಡಿತ್ತಲ್ಲ. ಇದೆಲ್ಲ ಚರ್ಚೆನೇ ವೇಸ್ಟು.

ಕಟಕಟೆ
ಬ್ಯಾನ್ ಯಾವತ್ತೂ ಆಗಿಲ್ಲ. 2018ರ ಏಪ್ರಿಲ್ 6ರಂದು ಆರ್‌ಬಿಐ ಹೊರಡಿಸಿದ್ದು ಬ್ಯಾಂಕುಗಳಿಗೆ ಸುತ್ತೋಲೆ. ಕ್ರಿಪ್ಟೊ ವ್ಯವಹಾರ ಮಾಡುವವರಿಗೆ ಸೇವೆ ಕೊಡಬೇಡಿ ಅಂತ ಅಷ್ಟೇ. ಅದನ್ನೂ 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟ್ ಹೊಡೆದುಹಾಕ್ತು. ಆರ್‌ಬಿಐಗೆ ಅಧಿಕಾರ ಇದೆ, ಆದರೆ ಬ್ಯಾಂಕುಗಳಿಗೆ ಆದ ಹಾನಿಯನ್ನೇ ತೋರಿಸದೆ ಇಷ್ಟು ದೊಡ್ಡ ಕ್ರಮ ತಗೊಂಡಿದ್ದು ಅಳತೆ ಮೀರಿದ್ದು ಅನ್ನೋದು ತೀರ್ಪಿನ ಸಾರ.

ಹಾಗಂತ ಅದು ಕಾನೂನು ಒಪ್ಪಿದ ನಾಣ್ಯವೂ ಅಲ್ಲ. ಅಂಗಡಿಯವನು ಬೇಡ ಅಂದ್ರೆ ಮುಗೀತು. ಕೊಳ್ಳಬಹುದು, ಇಟ್ಕೋಬಹುದು, ಮಾರಬಹುದು, ತೆರಿಗೆ ಕಟ್ಟಬೇಕು. 2023ರ ಮಾರ್ಚ್‌ನಿಂದ ಕ್ರಿಪ್ಟೊ ಎಕ್ಸ್‌ಚೇಂಜ್‌ಗಳು ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯಡಿ ಎಫ್‌ಐಯುನಲ್ಲಿ (ಕೇಂದ್ರದ ಹಣಕಾಸು ಗುಪ್ತಚರ ಘಟಕ) ನೋಂದಣಿ ಮಾಡಿಸ್ಬೇಕು.

ಹಳೇ_ಪೇಟೆ
ಸರಿ ಸರಿ, ತಿದ್ದುಪಡಿ ಒಪ್ಪಿದೆ. ಆದ್ರೂ 2018ರಲ್ಲಿ ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆ ಮಾಲ್‌ನಲ್ಲಿ ಬಿಟ್‌ಕಾಯಿನ್ ಎಟಿಎಂ ಇಟ್ಟವರನ್ನ ಪೊಲೀಸ್ನೋರು ಎತ್ತಾಕ್ಕೊಂಡು ಹೋಗಿದ್ದು ನೆನಪಿದೆ.

ಕಟಕಟೆ
ಅದು ಆ ಸುತ್ತೋಲೆ ಜಾರಿಯಲ್ಲಿದ್ದ ಕಾಲ. ಆ ವರ್ಷ ಅಕ್ಟೋಬರ್‌ನಲ್ಲಿ. ಬ್ಯಾಂಕ್ ಇಲ್ಲ ಅಂದಾಗ ನೋಟು ತಗೊಳ್ಳೋ ಯಂತ್ರ ಇಡೋಣ ಅಂತ ಹೊರಟಿದ್ರು.

ಖಾತೆ_ಪುಸ್ತಕ
ತೆರಿಗೆ ಭಾಗ ನಾನು ಬಿಡಿಸ್ತೀನಿ. ಏಳು ಸಾವಿರ ಲಾಭ ಅಂತ ಹೇಳೋರು ಯಾರೂ ಇದನ್ನ ಕಳೀತಿಲ್ಲ.

2022ರ ಬಜೆಟ್‌ನಿಂದ ಕ್ರಿಪ್ಟೊ ಲಾಭಕ್ಕೆ ನೇರ ಶೇ. 30, ಅದರ ಮೇಲೆ ಶೇ. 4 ಸೆಸ್. ಒಟ್ಟು 31.2. ಮೂಲ ವಿನಾಯಿತಿ ಮಿತಿ ಇದಕ್ಕೆ ಅನ್ವಯ ಆಗಲ್ಲ, ಅಂದ್ರೆ ತಮ್ಮನಿಗೆ ಬೇರೆ ಆದಾಯವೇ ಇಲ್ಲದಿದ್ರೂ ಕಟ್ಟಬೇಕು. ಕಳೆಯೋಕೆ ಬಿಡೋದು ಕೊಂಡ ಬೆಲೆ ಒಂದನ್ನೇ. ನೆಟ್‌ವರ್ಕ್ ಶುಲ್ಕ, ಇಂಟರ್ನೆಟ್ ಬಿಲ್, ಸಲಹೆಗಾರರ ಫೀಸು ಯಾವುದೂ ನಡೆಯಲ್ಲ.

ಮೇಲಿನ ಉದಾಹರಣೆಯಲ್ಲಿ ಮಾರಿದ್ದು 2,38,392, ಅಸಲು 2,31,450. ವ್ಯತ್ಯಾಸ 6,942. ತೆರಿಗೆ ಸುಮಾರು 2,166. ಕೈಯಲ್ಲಿ ಉಳಿಯೋದು 4,776. ಇದು ಕೂಡ ಅಣ್ಣ ಅಲ್ಲಿ ಕೊಂಡ ದಾಖಲೆ ಇದ್ದರೆ ಮಾತ್ರ. ಅಣ್ಣ ತಮ್ಮನಿಗೆ ಕೊಟ್ಟದ್ದು ಸಂಬಂಧಿಕರ ಉಡುಗೊರೆ, ಅದಕ್ಕೆ ತೆರಿಗೆ ಇಲ್ಲ, ಕೊಟ್ಟವನು ಕೊಂಡ ಬೆಲೆಯೇ ತಗೊಂಡವನ ಅಸಲು ಅಂತ ವಾದ ಮಾಡ್ಬಹುದು. ಆದ್ರೆ ಬಿಲ್ ಇಲ್ಲ, ಆರ್ಡರ್ ಸ್ಕ್ರೀನ್‌ಶಾಟ್ ಇಲ್ಲ ಅಂದ್ರೆ ಅಸಲು ಸೊನ್ನೆ ಅಂತ ಹಿಡಿದು ಪೂರ್ತಿ 2,38,392ಕ್ಕೂ ಶೇ. 31.2 ಕೇಳಿದರೆ ಉತ್ತರ ಏನು? 74 ಸಾವಿರ ದಾಟುತ್ತೆ.

ಇದರ ಜೊತೆ 2022ರ ಜುಲೈ 1ರಿಂದ ಶೇ. 1 ಟಿಡಿಎಸ್. ಲಾಭದ ಮೇಲಲ್ಲ, ಮಾರಿದ ಪೂರ್ತಿ ಮೊತ್ತದ ಮೇಲೆ. ಇಲ್ಲಿ 2,384. ರಿಟರ್ನ್‌ನಲ್ಲಿ ಹೊಂದಿಸ್ಕೋಬಹುದು, ಕಳೆದುಹೋಗಲ್ಲ. ಭಾರತದ ಎಕ್ಸ್‌ಚೇಂಜ್ ಆದ್ರೆ ಅವರೇ ಕಡಿದು ಕಟ್ತಾರೆ, ಕಡಿತದ ಲೆಕ್ಕ ಇರೋ 26ಎಎಸ್ ಪಟ್ಟಿಯಲ್ಲಿ ಕಾಣುತ್ತೆ. ವಿದೇಶಿ ಎಕ್ಸ್‌ಚೇಂಜ್‌ನ ಪಿ2ಪಿಯಲ್ಲಿ ಕಡಿಯುವ ಹೊಣೆ ಕೊಳ್ಳುವವನದು, ಅಲ್ಲಿ ಯಾರೂ ಕಡಿಯಲ್ಲ. ರಿಟರ್ನ್‌ನಲ್ಲಿ ಐಟಿಆರ್ 2 ಅಥವಾ 3, ಅದರಲ್ಲಿ ವಿಡಿಎ (ಕ್ರಿಪ್ಟೊಗೆ ತೆರಿಗೆ ಕಾನೂನು ಇಟ್ಟ ಹೆಸರು) ಷೆಡ್ಯೂಲ್. ಕೊಂಡ ತಾರೀಕು, ಮಾರಿದ ತಾರೀಕು, ಅಸಲು, ಬಂದ ಮೊತ್ತ, ಒಂದೊಂದು ವ್ಯವಹಾರಕ್ಕೂ ಒಂದೊಂದು ಸಾಲು. ಐಟಿಆರ್ 1ರಲ್ಲಿ ಜಾಗವೇ ಇಲ್ಲ.

ಮಲ್ನಾಡ್_ಮಳೆ
ಒಂದರಲ್ಲಿ ನಷ್ಟ ಆದ್ರೆ ಇನ್ನೊಂದರ ಲಾಭಕ್ಕೆ ಹೊಂದಿಸ್ಕೊಂಡ್ರೆ ತೆರಿಗೆ ಕಮ್ಮಿ ಆಗುತ್ತಲ್ವಾ, ಷೇರಿನ ಥರ?

ಖಾತೆ_ಪುಸ್ತಕ
ಆಗಲ್ಲ. ಬಿಟ್‌ಕಾಯಿನ್‌ನಲ್ಲಿ 1 ಲಕ್ಷ ಲಾಭ, ಈಥರ್‌ನಲ್ಲಿ 1 ಲಕ್ಷ ನಷ್ಟ, ಕೈಗೆ ಬಂದದ್ದು ಸೊನ್ನೆ. ತೆರಿಗೆ 31,200. ನಷ್ಟವನ್ನ ಮುಂದಿನ ವರ್ಷಕ್ಕೂ ಒಯ್ಯೋಕಿಲ್ಲ. ಒಂದು ನಾಣ್ಯ ಕೊಟ್ಟು ಇನ್ನೊಂದು ತಗೊಂಡ್ರೂ ಅದು ಮಾರಾಟವೇ, ರೂಪಾಯಿ ಕಣ್ಣಿಗೆ ಬೀಳದಿದ್ರೂ ಲೆಕ್ಕ ಬರೀಬೇಕು.

ಮಲ್ನಾಡ್_ಮಳೆ
ಗೆದ್ರೆ ಸರ್ಕಾರಕ್ಕೆ ಪಾಲು, ಸೋತ್ರೆ ನಮ್ಮ ಪಾಡು. ಲಾಟರಿಗೂ ಇದೇ ದರ ಅಲ್ವಾ?

ಖಾತೆ_ಪುಸ್ತಕ
ಅದೇ ಶೇ. 30. ಸರ್ಕಾರ ಇದನ್ನ ಯಾವ ಸಾಲಲ್ಲಿ ಕೂರಿಸಿದೆ ಅಂತ ಅದರಲ್ಲೇ ಗೊತ್ತಾಗುತ್ತೆ.

ಸೆನ್_ಠಾಣೆ_ಪಕ್ಕ
ತೆರಿಗೆ ಬಿಡಿ, ಕಟ್ಟಿದ್ರೆ ಮುಗೀತು. ನಿಜವಾದ ಗುಂಡಿ ಇರೋದು ಪಿ2ಪಿಯಲ್ಲಿ ರೂಪಾಯಿ ಬರೋ ಆ ಒಂದು ಕ್ಷಣದಲ್ಲಿ.

ಪಿ2ಪಿ ಹೇಗೆ ನಡೆಯುತ್ತೆ ನೋಡಿ. ನೀವು 2,709 ಯುಎಸ್‌ಡಿಟಿ ಮಾರಾಟಕ್ಕೆ ಹಾಕ್ತೀರಿ. ಎಕ್ಸ್‌ಚೇಂಜ್ ಅದನ್ನ ತನ್ನ ಹತ್ರ ಹಿಡಿದಿಡುತ್ತೆ. ಕೊಳ್ಳೋನು ನಿಮ್ಮ ಯುಪಿಐಗೆ ಅಥವಾ ಐಎಂಪಿಎಸ್‌ನಲ್ಲಿ ದುಡ್ಡು ಹಾಕ್ತಾನೆ, ನೀವು ಬಂತು ಅಂತ ಒತ್ತಿದ ಮೇಲೆ ನಾಣ್ಯ ಅವನಿಗೆ. ನಾಣ್ಯಕ್ಕೆ ಕಾವಲಿದೆ. ಬಂದ ರೂಪಾಯಿ ಎಲ್ಲಿಂದ ಬಂತು ಅನ್ನೋದಕ್ಕೆ ಕಾವಲಿಲ್ಲ.

ಈಗ ಯಾರೋ ಡಿಜಿಟಲ್ ಅರೆಸ್ಟ್ ಅಂತಲೋ, ಟೆಲಿಗ್ರಾಂ ಪಾರ್ಟ್ ಟೈಂ ಕೆಲಸ ಅಂತಲೋ ಮೋಸ ಹೋಗ್ತಾರೆ. ಅವರ ದುಡ್ಡು ಮೊದಲು ಬಾಡಿಗೆ ಖಾತೆಗೆ ಬೀಳುತ್ತೆ, ಅಲ್ಲಿಂದ ನಾಲ್ಕೈದು ಖಾತೆಗೆ ಹರಿಯುತ್ತೆ. ಕಳ್ಳನಿಗೆ ಅದನ್ನ ದೇಶದಿಂದ ಹೊರಗೆ ಸಾಗಿಸಬೇಕು. ಅದಕ್ಕೆ ಅವನು ಯುಎಸ್‌ಡಿಟಿ ಕೊಳ್ತಾನೆ, ನಿಮ್ಮಂಥವರಿಂದ. ಡಾಲರಿಗೆ 3 ರೂಪಾಯಿ ಹೆಚ್ಚು ಯಾಕೆ ಕೊಡ್ತಾನೆ? ಕದ್ದ ದುಡ್ಡಿಗೆ ಚೌಕಾಸಿ ಬೇಡ. ಎಲ್ಲರೂ ಕಳ್ಳರು ಅಂತಲ್ಲ, ವಿದೇಶಿ ಎಕ್ಸ್‌ಚೇಂಜ್‌ನಲ್ಲಿ ಟ್ರೇಡ್ ಮಾಡೋಕೆ ಯುಎಸ್‌ಡಿಟಿ ಬೇಕಾದವರೂ ಹೆಚ್ಚು ಕೊಡ್ತಾರೆ. ಆದ್ರೆ ಮಾರೋನಿಗೆ ಯಾರು ಯಾವೋನು ಅಂತ ಗುರುತು ಹತ್ತಲ್ಲ.

ಮೋಸ ಹೋದವರು ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡ್ತಾರೆ. ಪೋರ್ಟಲ್‌ನಲ್ಲಿ ದೂರು ದಾಖಲಾಗುತ್ತೆ, ದುಡ್ಡು ಹರಿದ ಜಾಡು ಹಿಡಿದು ಒಂದೊಂದು ಬ್ಯಾಂಕಿಗೂ ಸಂದೇಶ ಹೋಗುತ್ತೆ. ಮೊದಲ ಪದರ, ಎರಡನೇ ಪದರ, ಮೂರನೇ ಪದರ. ನಿಮ್ಮ ತಮ್ಮನ ಖಾತೆ ಆ ಜಾಡಿನಲ್ಲಿದ್ರೆ ಬೆಳಗ್ಗೆ ಎದ್ದು ಹಾಲಿನವನಿಗೆ ಯುಪಿಐ ಮಾಡೋಕೆ ಹೋದಾಗ ಗೊತ್ತಾಗುತ್ತೆ. ದೂರು ರಾಜಸ್ಥಾನದ್ದೋ ತೆಲಂಗಾಣದ್ದೋ ಆಗಿರುತ್ತೆ.

ಗಾಂಧಿ_ಬಜಾರ್_ಗುರು
ಅದಕ್ಕೇ ಹೆಸರು ನೋಡಿ ತಗೋಬೇಕು ಗುರು. ಎಕ್ಸ್‌ಚೇಂಜ್‌ನಲ್ಲಿರೋ ಕೆವೈಸಿ ಹೆಸರು, ದುಡ್ಡು ಬಂದ ಖಾತೆ ಹೆಸರು ಒಂದೇ ಇದ್ರೆ ಸೇಫ್.

ಸೆನ್_ಠಾಣೆ_ಪಕ್ಕ
ಅರ್ಧ ಸೇಫ್. ಹೆಸರು ಬೇರೆ ಬಂದ್ರೆ ಅದು ತ್ರಿಕೋನ ಮೋಸ, ಮೋಸ ಹೋದವನಿಂದಲೇ ನೇರ ನಿಮಗೆ ಹಾಕಿಸಿರ್ತಾರೆ. ಆಗ ನೀವೇ ಮೊದಲ ಪದರ. ಬಿಡುಗಡೆ ಬಟನ್ ಒತ್ತಲೇಬಾರದು, ಎಕ್ಸ್‌ಚೇಂಜ್‌ನಲ್ಲಿ ತಕರಾರು ಎತ್ತಿ ಬಂದ ಖಾತೆಗೇ ವಾಪಸ್ ಹಾಕಬೇಕು. ಅವನು ಹೇಳಿದ ಬೇರೆ ಖಾತೆಗೆ ಹಾಕಿದ್ರೆ ಕಳ್ಳನ ಕೆಲಸ ನೀವೇ ಮಾಡಿಕೊಟ್ಟಂಗೆ.

ಹೆಸರು ಸರಿಯಾಗೇ ಬಂತು ಅಂತಿಟ್ಕೊಳ್ಳಿ. ಕೆವೈಸಿಯನ್ನೇ ಬಾಡಿಗೆಗೆ ಕೊಟ್ಟ ಹುಡುಗನಾಗಿದ್ರೆ? ಅವನ ಖಾತೆಗೆ ಬಂದದ್ದೇ ಕದ್ದ ದುಡ್ಡಾಗಿದ್ರೆ? ಆಗ ನೀವು ಎರಡನೇ ಪದರ ಅಥವಾ ಮೂರನೇದು. ಬ್ಯಾಂಕಿಗೆ ಪದರ ಯಾವುದಾದ್ರೂ ಒಂದೇ.

ಗಾಂಧಿ_ಬಜಾರ್_ಗುರು
ಸಾವಿರ ಆರ್ಡರ್ ಮುಗಿಸಿದ ಮರ್ಚೆಂಟ್‌ಗಳಿಗೆ ಮಾತ್ರ ಮಾರಿದ್ರೆ?

ಸೆನ್_ಠಾಣೆ_ಪಕ್ಕ
ಸಾವಿರ ಆರ್ಡರ್ ಅಂದ್ರೆ ಸಾವಿರ ಕೈ ದಾಟಿದ ಖಾತೆ. ಒಂದು ಕೈ ಕೊಳಕಾಗಿದ್ರೂ ಸಾಕು.

ಕೃಷ್ಣಾ_ತೀರ
ಖಾತೆ ಹಿಡದ್ರ ಏನ ಮಾಡಬೇಕು ಅಂತ ಯಾರೂ ಹೇಳವಲ್ರು. ಬರ್ಕೋರಿ.

ಮೊದಲ ಬ್ಯಾಂಕಿಗೆ ಹೋಗಿ ನಾಕು ವಿಷಯ ಕೇಳ್ರಿ, ಬಾಯಿಲೆ ಅಲ್ಲ, ಅರ್ಜಿ ಕೊಟ್ಟು ಸೀಲ್ ಹಾಕಿಸ್ಕೊಂಡು. ದೂರಿನ ಅಕ್ನಾಲೆಜ್‌ಮೆಂಟ್ ನಂಬರ್ ಯಾವುದು, ಯಾವ ರಾಜ್ಯದ ಯಾವ ಠಾಣೆ, ವಿವಾದದ ಮೊತ್ತ ಎಷ್ಟು, ಮತ್ತ ಪೂರ್ತಿ ಡೆಬಿಟ್ ಫ್ರೀಜೋ ಅಥವಾ ಆ ಮೊತ್ತಕ್ಕಷ್ಟ ಲೀನ್ (ತೆಗೆಯದಂಗ ತಡೆ) ಅದನೋ. ಈ ಕಡೀದು ಭಾಳ ಮುಖ್ಯ. 20,000ದ ತಕರಾರಿಗೆ ಮೂರು ಲಕ್ಷ ಇರೋ ಪಗಾರದ ಖಾತೆ ಪೂರ್ತಿ ಬಂದ್ ಮಾಡಿರ್ತಾರ. ವಿವಾದದ ಮೊತ್ತಕ್ಕಷ್ಟ ಲೀನ್ ಇಟ್ಟು ಉಳಿದದ್ದು ಬಿಡ್ರಿ ಅಂತ ಅದೇ ದಿನ ಬರದು ಕೊಡ್ರಿ.

ಆಮ್ಯಾಲ ಆ ಠಾಣೆಯ ತನಿಖಾಧಿಕಾರಿಗೆ ಮೇಲ್. ಜೋಡಿ ಇಡಬೇಕಾದ್ದು: ಆಧಾರ್, ಪ್ಯಾನ್, ಮೂರು ತಿಂಗಳ ಸ್ಟೇಟ್‌ಮೆಂಟ್ ಅದರಾಗ ಆ ಜಮಾ ಗುರುತು ಮಾಡಿ, ಪಿ2ಪಿ ಆರ್ಡರ್ ನಂಬರ್, ಕೊಂಡವನ ಹೆಸರು ಕಾಣೋ ಆರ್ಡರ್ ಪುಟ, ಚಾಟ್ ಪೂರ್ತಿ, ಯುಟಿಆರ್ ನಂಬರ್ (ಬ್ಯಾಂಕ್ ವರ್ಗಾವಣೆ ಗುರುತಿನ ಸಂಖ್ಯೆ), ಯುಎಸ್‌ಡಿಟಿ ನಿಮ್ಮ ವಾಲೆಟ್ಟಿಗೆ ಬಂದ ವ್ಯವಹಾರದ ಹ್ಯಾಷ್ (ಕ್ರಿಪ್ಟೊ ಜಾಲದಾಗಿನ ಗುರುತಿನ ಸಂಖ್ಯೆ). ಚಾಟ್ ಎಕ್ಸ್‌ಚೇಂಜ್‌ದಾಗ ಶಾಶ್ವತ ಇರ್ತದ ಅನ್ಕೋಬ್ಯಾಡ್ರಿ, ವ್ಯವಹಾರ ಆದ ದಿನಾನ ಇಳಿಸಿಟ್ಕೋರಿ.

ಅಲ್ಲಿಂದ ಉತ್ತರ ಬರಲಿಲ್ಲ ಅಂದ್ರ ದಾರಿ ಎರಡು. 2024ರ ಜುಲೈ 1ರಿಂದ ಬಂದಿರೋ ನಾಗರಿಕ ಸುರಕ್ಷಾ ಸಂಹಿತೆ ಸೆಕ್ಷನ್ 106ರಾಗ ಪೊಲೀಸರು ವಶಕ್ಕ ತಗೊಂಡದ್ದನ್ನ ತಡ ಮಾಡದ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ಸೆಕ್ಷನ್ 503ರಾಗ ಬಿಡುಗಡೆಗೆ ಅರ್ಜಿ ಹಾಕಬಹುದು. ಇಲ್ಲಾ ಹೈಕೋರ್ಟಿಗೆ ರಿಟ್. ವಕೀಲರ ಖರ್ಚು ನೋಡ್ರಿ, ನಿಮ್ಮ 4,776 ಲಾಭ ಎಲ್ಲಿ ಹೋತು ಅಂತ ತಿಳೀತದ.

ಇನ್ನೊಂದು. ಖಾತೆ ಬಿಡಿಸಿಕೊಡ್ತೀವಿ ಅಂತ ಟೆಲಿಗ್ರಾಂನಾಗ ಬರೋ ಏಜೆಂಟರಿಗೆ ಒಂದ ರೂಪಾಯಿ ಕೊಡಬ್ಯಾಡ್ರಿ. ಅದು ಎರಡನೇ ಸಲ ಬೀಳೋ ಗುಂಡಿ.

ಪಡುವಣ_ಗಾಳಿ
ಇದು ಉಳಿಸಿಟ್ಟುಕೊಳ್ಳುವ ಉತ್ತರ. ಧನ್ಯವಾದ ರೀ ಕೃಷ್ಣಾ ತೀರದವರೇ.

ಪಾಸ್‌ಬುಕ್_ಶೆಟ್ರು
ಗಲ್ಫ್‌ನವರು ಮರೆಯುವ ಮತ್ತೊಂದು ವಿಷಯ ಉಂಟು. ಎಕ್ಸ್‌ಚೇಂಜ್ ಹೌಸಿನಿಂದ ಬಂದದ್ದು ಒಳಬರುವ ವಿದೇಶಿ ಹಣ. ಅನಿವಾಸಿಗಳು ವಿದೇಶದ ಗಳಿಕೆ ಇಡುವ ಎನ್‌ಆರ್‌ಇ ಖಾತೆಗೆ ಹೋಗ್ತದೆ, ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ, ಬೇಕಾದಾಗ ವಾಪಸ್ ಒಯ್ಯಬಹುದು. ಪಿ2ಪಿಯಲ್ಲಿ ಬಂದದ್ದು ಇಲ್ಲಿನ ಯಾರದ್ದೋ ಖಾತೆಯ ರೂಪಾಯಿ. ಅದನ್ನು ಎನ್‌ಆರ್‌ಇಗೆ ಜಮೆ ಮಾಡಲಿಕ್ಕೆ ಆಗುವುದಿಲ್ಲ, ಅನಿವಾಸಿಗಳ ಇಲ್ಲಿನ ಹಣದ ಖಾತೆ ಎನ್‌ಆರ್‌ಒ ಮಾತ್ರ. ಮನೆ ಸಾಲಕ್ಕೆ ಹೋದಾಗ ವಿದೇಶದ ಆದಾಯ ಎಲ್ಲಿ ಬರ್ತಾ ಉಂಟು ತೋರಿಸಿ ಅಂದ್ರೆ ಸ್ಟೇಟ್‌ಮೆಂಟಲ್ಲಿ ಕಾಣುವುದು ಗುರುತಿಲ್ಲದ ಹತ್ತು ಹೆಸರಿಂದ ಐಎಂಪಿಎಸ್. ಮ್ಯಾನೇಜರ್ ಏನು ಅಂದುಕೊಳ್ಳಬೇಕು?

ಅಲ್ಲಿ ದಿರ್ಹಮ್, ಇಲ್ಲಿ ರೂಪಾಯಿ, ನಡುವೆ ಬ್ಯಾಂಕ್ ದಾಟಿದ ಒಂದು ಕಾಗದವೂ ಇಲ್ಲ. ಇದಕ್ಕೆ ಹಳೆ ಕಾಲದಲ್ಲಿ ನಮ್ಮ ಕಡೆ ಬೇರೆ ಹೆಸರಿತ್ತು. ಫೆಮಾ (ವಿದೇಶಿ ವಿನಿಮಯ ಕಾಯ್ದೆ) ಓದಿದವರಿಗೆ ಗೊತ್ತು.

ಗುಬ್ಬಿ_ಗೂಡು
ಹುಂಡಿ (ಬ್ಯಾಂಕ್ ತಪ್ಪಿಸಿ ದುಡ್ಡು ದಾಟಿಸೋದು) ಅಂತ ಹೇಳೋಕೆ ಇಷ್ಟು ಸುತ್ತಬೇಕಾ ಶೆಟ್ರೇ 😄

ಇಪ್ಪತ್ತೊಂದು_ಮಿಲಿಯನ್
ಎಲ್ಲರೂ ಯುಎಸ್‌ಡಿಟಿ ಬಗ್ಗೆ ಮಾತಾಡಿ ಕ್ರಿಪ್ಟೊನೇ ಕೆಟ್ಟದು ಅಂತಿದ್ದೀರ. ಯುಎಸ್‌ಡಿಟಿ ಅಂದ್ರೆ ಟೆದರ್ ಅನ್ನೋ ಒಂದು ಕಂಪನಿ ಕೊಡೋ ಡಾಲರ್ ಟೋಕನ್. ಅದರ ಕಾಂಟ್ರಾಕ್ಟ್‌ನಲ್ಲೇ ಕಪ್ಪುಪಟ್ಟಿ ಇದೆ, ಟೆದರ್‌ನವರು ಬೇಕಂದ್ರೆ ನಿಮ್ಮ ವಿಳಾಸ ನಿಲ್ಲಿಸ್ತಾರೆ, ನಿಲ್ಲಿಸಿದ್ದೂ ಇದೆ. ಸ್ಟೇಬಲ್ ಅನ್ನೋದೂ ಹೆಸರಿಗೆ. 2022ರ ಮೇನಲ್ಲಿ ಟೆರಾದ ಡಾಲರ್ ಟೋಕನ್ ಯುಎಸ್‌ಟಿ ಕೆಲವೇ ದಿನದಲ್ಲಿ ನೆಲ ಕಚ್ಚಿತು. 2023ರ ಮಾರ್ಚ್‌ನಲ್ಲಿ ಸಿಲಿಕಾನ್ ವ್ಯಾಲಿ ಬ್ಯಾಂಕ್ ಮುಳುಗಿದಾಗ ಅಲ್ಲಿ 330 ಕೋಟಿ ಡಾಲರ್ ಇಟ್ಟಿದ್ದ ಇನ್ನೊಂದು ಡಾಲರ್ ಟೋಕನ್ ಯುಎಸ್‌ಡಿಸಿ ಕೂಡ 90 ಸೆಂಟ್‌ಗಿಂತ ಕೆಳಗೆ ಹೋಗಿ ಬಂತು.

ಬಿಟ್‌ಕಾಯಿನ್ ಹಾಗಲ್ಲ. ಒಟ್ಟು 2.1 ಕೋಟಿ ಮಾತ್ರ, 2,10,000 ಬ್ಲಾಕಿಗೊಮ್ಮೆ (ಬ್ಲಾಕ್ ಅಂದ್ರೆ ವ್ಯವಹಾರಗಳ ಒಂದು ಕಟ್ಟು) ಹೊಸ ನಾಣ್ಯ ಅರ್ಧ. 2009ರಲ್ಲಿ ಬ್ಲಾಕಿಗೆ 50 ಇದ್ದದ್ದು 2024ರ ಏಪ್ರಿಲ್‌ನಿಂದ 3.125. ಯಾವ ಸರ್ಕಾರವೂ ಇನ್ನಷ್ಟು ಅಚ್ಚು ಹಾಕೋಕಾಗಲ್ಲ. ಅದು ನಿಜವಾದ ಹಣ.

ಗುಬ್ಬಿ_ಗೂಡು
ನಿಜವಾದ ಹಣದಲ್ಲಿ ಒಂದು ಬೈ-ಟು ಕಾಫಿ ಕೊಡಿಸಿ ನೋಡೋಣ. ಬ್ಲಾಕ್ ಬರೋಕೆ ಸರಾಸರಿ ಹತ್ತು ನಿಮಿಷ, ಕಾಫಿ ಆರಿ ಹೋಗಿರುತ್ತೆ. ಇಡೀ ಜಾಲಕ್ಕೆ ಸೆಕೆಂಡಿಗೆ ಏಳರ ಆಸುಪಾಸು ವ್ಯವಹಾರ.

ಇಪ್ಪತ್ತೊಂದು_ಮಿಲಿಯನ್
ಬಿಟ್‌ಕಾಯಿನ್ ಮೇಲೆ ಕಟ್ಟಿದ ಲೈಟ್ನಿಂಗ್ ಜಾಲ ಇದೆ, ಕ್ಷಣದಲ್ಲಿ ಹೋಗುತ್ತೆ. ಗೊತ್ತಿಲ್ಲದೆ ಹಳೇ ಜೋಕ್ ಹೊಡೀಬೇಡಿ.

ಗುಬ್ಬಿ_ಗೂಡು
ಲೈಟ್ನಿಂಗ್‌ನಲ್ಲಿ ದುಡ್ಡು ಸ್ವೀಕರಿಸೋಕೆ ನಿಮ್ಮ ಕಡೆ ಒಳಬರುವ ಸಾಮರ್ಥ್ಯ ಇರೋ ಚಾನೆಲ್ ಬೇಕು, ಅದನ್ನ ತೆರೆಯೋಕೆ ಮತ್ತೆ ಮುಖ್ಯ ಜಾಲದ ಶುಲ್ಕ. ತಲೆನೋವು ಬೇಡ ಅಂತ ಬಹುಪಾಲು ಜನ ಕಂಪನಿಯ ವಾಲೆಟ್ ಬಳಸ್ತಾರೆ, ಅಂದ್ರೆ ಮತ್ತೆ ಬ್ಯಾಂಕ್ ಥರಾನೇ. ಎಲ್ ಸಾಲ್ವಡಾರ್ 2021ರ ಸೆಪ್ಟೆಂಬರ್ 7ರಂದು ಕಾನೂನು ನಾಣ್ಯ ಮಾಡ್ತು, ಆ್ಯಪ್ ಹಾಕ್ಕೊಂಡವರಿಗೆ 30 ಡಾಲರ್ ಕೊಡ್ತು. 2025ರ ಜನವರಿಯಲ್ಲಿ ಐಎಂಎಫ್‌ನ 140 ಕೋಟಿ ಡಾಲರ್ ಸಾಲದ ಮಾತಿಗೆ ಕಡ್ಡಾಯ ಕೈಬಿಡ್ತು. ಇದು ಜೋಕ್ ಅಲ್ಲ.

ಇಪ್ಪತ್ತೊಂದು_ಮಿಲಿಯನ್
ನಮ್ಮ ಯುಪಿಐ ಚೆನ್ನಾಗಿದೆ, ಅದು ನಮ್ಮ ಅದೃಷ್ಟ. ತನ್ನ ಕರೆನ್ಸಿ ಪ್ರತಿ ತಿಂಗಳು ಕರಗೋ ದೇಶದಲ್ಲಿರೋರ ಜಾಗದಿಂದ ನೋಡಿ.

ಗುಬ್ಬಿ_ಗೂಡು
ಅದು ಒಪ್ಪುವ ಮಾತು. ಆದ್ರೆ ಈ ಪ್ರಶ್ನೆ ಕೇಳಿರೋದು ಪಡುಬಿದ್ರೆ ಕಡೆಯವರು, ಅರ್ಜೆಂಟೀನಾದವರಲ್ಲ.

ಅಕ್ಷರ_ಅರಳಿ
ಮಧ್ಯೆ ಬಾಯಿ ಹಾಕ್ತೀನಿ. ಕ್ರಿಪ್ಟೊಕರೆನ್ಸಿಗೆ ಕನ್ನಡದಲ್ಲಿ ಗೂಢನಾಣ್ಯ ಅನ್ನಬಹುದಲ್ಲ? ಎಷ್ಟು ಚಂದ ಇದೆ.

ಸೆನ್_ಠಾಣೆ_ಪಕ್ಕ
ಗೂಢ ಏನೂ ಇಲ್ಲ ಸ್ವಾಮಿ, ಒಂದೊಂದು ವ್ಯವಹಾರವೂ ಜಗತ್ತಿಗೇ ಕಾಣುತ್ತೆ. ಬಯಲುನಾಣ್ಯ ಅನ್ನಿ ಬೇಕಾದ್ರೆ.

ಅಕ್ಷರ_ಅರಳಿ
ಬಯಲುನಾಣ್ಯ! ಅಲ್ಲಮನೂ ಒಪ್ತಿದ್ದ.

ಮಲ್ನಾಡ್_ಮಳೆ
ಕಳಿಸೋ ವಿಷಯ ಬಿಡಿ. ತಿಂಗಳಿಗೆ ಎರಡು ಸಾವಿರ ಹಾಕಿ ಬಿಟ್‌ಕಾಯಿನ್ ಹತ್ತು ವರ್ಷ ಇಟ್ರೆ ಹೂಡಿಕೆ ಅಂತ ಹೇಗೆ?

ಒರೆಗಲ್ಲು
ಇಡೋಕೆ ಧೈರ್ಯ ಬೇಕು ಅನ್ನೋದನ್ನ ಅಂಕಿಯಲ್ಲಿ ನೋಡಿ. 2021ರ ನವೆಂಬರ್‌ನಲ್ಲಿ 69,000 ಡಾಲರ್ ಮುಟ್ಟಿದ್ದು ಒಂದೇ ವರ್ಷದಲ್ಲಿ 16,000ದ ಕೆಳಗೆ ಬಂತು. ಮುಕ್ಕಾಲು ಪಾಲಿಗಿಂತ ಹೆಚ್ಚು ಹೋಯ್ತು, ವಾಪಸ್ ಅಲ್ಲಿಗೇ ಬರೋಕೆ ನಾಲ್ಕು ಪಟ್ಟಿಗಿಂತ ಹೆಚ್ಚು ಏರಬೇಕು. ಏರಿತು ಕೂಡ, 2024ರ ಡಿಸೆಂಬರ್‌ನಲ್ಲಿ ಲಕ್ಷ ಡಾಲರ್ ದಾಟಿತು. ಆದ್ರೆ 2022ರ ಕೊನೆಗೆ ಮಗಳ ಫೀಸು ಕಟ್ಟಬೇಕಾಗಿದ್ದವನಿಗೆ ಅದರಿಂದ ಏನು ಉಪಯೋಗ? ಐದು ವರ್ಷ ಮುಟ್ಟದೇ ಇರಬಹುದಾದ ದುಡ್ಡು, ಅದೂ ಒಟ್ಟು ಉಳಿತಾಯದಲ್ಲಿ ಹೋದ್ರೆ ಹೋಗಲಿ ಅನ್ನುವಷ್ಟು. ಸಾಲ ಮಾಡಿ, ಮಾರ್ಜಿನ್ (ಎಕ್ಸ್‌ಚೇಂಜ್‌ನ ಸಾಲದಲ್ಲಿ ಟ್ರೇಡ್) ಹಾಕಿ ಬೇಡವೇ ಬೇಡ. ಹತ್ತು ಪಟ್ಟು ಮಾರ್ಜಿನ್‌ನಲ್ಲಿ ಶೇ. 10 ಇಳಿಯೋ ಮೊದಲೇ ನಿಮ್ಮ ಪಾಲು ಪೂರ್ತಿ ಹೋಗಿರುತ್ತೆ. ಬಿಟ್‌ಕಾಯಿನ್‌ಗೆ ಶೇ. 10 ಅಂದ್ರೆ ಒಂದು ಕೆಟ್ಟ ದಿನ.

ಆ್ಯಪ್‌ಗಳಲ್ಲಿ ಶುಲ್ಕ ಸೊನ್ನೆ ಅಂತ ಬರೆದಿದ್ರೆ ಸ್ಪ್ರೆಡ್ ನೋಡಿ. ಒಂದೇ ನಿಮಿಷದಲ್ಲಿ ಕೊಳ್ಳೋ ಬೆಲೆ, ಮಾರೋ ಬೆಲೆ ಎರಡೂ ಬರ್ಕೊಳ್ಳಿ. ಕೊಳ್ಳೋದು 100, ಮಾರೋದು 96 ಇದ್ರೆ ಒಳಗೆ ಕಾಲಿಟ್ಟ ಕೂಡಲೇ ಶೇ. 4 ಹೋಯ್ತು. ಆರ್ಡರ್ ಬುಕ್ (ಕೊಳ್ಳೋರ, ಮಾರೋರ ಬೆಲೆಪಟ್ಟಿ) ಇರೋ ಕಡೆ ಬೆಲೆ ನೀವೇ ಹೇಳೋ ಲಿಮಿಟ್ ಆರ್ಡರ್ ಹಾಕಿದ್ರೆ ಇದು ತುಂಬ ತಗ್ಗುತ್ತೆ. ಇನ್ನೊಂದು ಪರೀಕ್ಷೆ: ಕೊಂಡ ನಾಣ್ಯವನ್ನ ನಿಮ್ಮ ಸ್ವಂತ ವಾಲೆಟ್‌ಗೆ ಹೊರಗೆ ತೆಗೆಯೋಕೆ ಬಿಡ್ತಾರಾ? ಬಿಡಲ್ಲ ಅಂದ್ರೆ ನಿಮ್ಮ ಹತ್ರ ಇರೋದು ನಾಣ್ಯ ಅಲ್ಲ, ಚೀಟಿ.

ಗಾಂಧಿ_ಬಜಾರ್_ಗುರು
ದೊಡ್ಡ ಎಕ್ಸ್‌ಚೇಂಜ್‌ನಲ್ಲಿ ಬಿಟ್ರೆ ಏನಾಗುತ್ತೆ? ಎಫ್‌ಐಯು ನೋಂದಣಿ ಇರುತ್ತಲ್ಲ.

ಒರೆಗಲ್ಲು
ನೋಂದಣಿ ಅಂದ್ರೆ ಅವರು ವ್ಯವಹಾರದ ವರದಿ ಕೊಡ್ತಾರೆ ಅಂತ. ಬ್ಯಾಂಕ್ ಠೇವಣಿಗೆ ಇರೋ 5 ಲಕ್ಷದ ವಿಮೆ ಇದಕ್ಕಿಲ್ಲ.

ಭಾರತದ ಎಕ್ಸ್‌ಚೇಂಜ್ ವಜೀರ್‌ಎಕ್ಸ್‌ನ ಹ್ಯಾಕ್ ನೋಡಿ. 2024ರ ಜುಲೈ 18, ಸುಮಾರು 23 ಕೋಟಿ ಡಾಲರ್ ಹೋಯ್ತು, ಗ್ರಾಹಕರ ಕ್ರಿಪ್ಟೊ ಆಸ್ತಿಯಲ್ಲಿ ಹತ್ತಿರ ಹತ್ತಿರ ಅರ್ಧ. ಅದು ಒಂದು ಪಾಸ್‌ವರ್ಡ್‌ನ ವಾಲೆಟ್ ಆಗಿರಲಿಲ್ಲ. ಆರು ಕೀಲಿ, ಐದು ಕಂಪನಿಯದು, ಒಂದು ಕಸ್ಟಡಿ ಸಂಸ್ಥೆಯದು. ಕಂಪನಿಯ ಮೂರು, ಕಸ್ಟಡಿಯ ಒಂದು, ಒಟ್ಟು ನಾಲ್ಕು ಸಹಿ ಬೇಕಿತ್ತು. ನಾಲ್ಕೂ ಬಿತ್ತು. ಪರದೆ ಮೇಲೆ ಕಂಡದ್ದು ಒಂದು, ಸಹಿ ಬಿದ್ದದ್ದು ಇನ್ನೊಂದಕ್ಕೆ. ಮರು ವರ್ಷ ಫೆಬ್ರವರಿಯಲ್ಲಿ ಬೈಬಿಟ್ ಅನ್ನೋ ಎಕ್ಸ್‌ಚೇಂಜ್‌ನಿಂದ ಸುಮಾರು 150 ಕೋಟಿ ಡಾಲರ್ ಈಥರ್ ಹೋದದ್ದೂ ಇದೇ ಜಾತಿ. ಎರಡಕ್ಕೂ ಅಮೆರಿಕ ಬೊಟ್ಟು ಮಾಡಿದ್ದು ಉತ್ತರ ಕೊರಿಯಾದ ಕಡೆಗೆ. ವಜೀರ್‌ಎಕ್ಸ್ ಗ್ರಾಹಕರು ಸಿಂಗಪುರ ಹೈಕೋರ್ಟ್ ಯೋಜನೆ ಒಪ್ಪಿ 2025ರ ಅಕ್ಟೋಬರ್‌ನಲ್ಲಿ ಮತ್ತೆ ತೆರೆಯೋವರೆಗೆ ಕಾದರು. ಹದಿನೈದು ತಿಂಗಳು.

ಇಪ್ಪತ್ತೊಂದು_ಮಿಲಿಯನ್
ಅದಕ್ಕೇ ಹೇಳೋದು, ನಿಮ್ಮ ಕೀಲಿ ನಿಮ್ಮ ಹತ್ರ ಇಟ್ಕೊಳ್ಳಿ. ಹಾರ್ಡ್‌ವೇರ್ ವಾಲೆಟ್ (ಕೀಲಿ ಇಡೋ ಪುಟ್ಟ ಸಾಧನ) ಕಂಪನಿಯ ಸ್ವಂತ ಸೈಟ್‌ನಿಂದಲೇ ತರಿಸಿ. ಕೀಲಿಯನ್ನ ಮತ್ತೆ ಹುಟ್ಟಿಸೋ ಹನ್ನೆರಡು ಅಥವಾ ಇಪ್ಪತ್ತನಾಲ್ಕು ಪದ ಪರದೆ ಮೇಲೆ ಬರುತ್ತೆ, ಪೆಟ್ಟಿಗೆಯಲ್ಲಿ ಮೊದಲೇ ಬರೆದ ಚೀಟಿ ಇದ್ರೆ ಅದು ಮೋಸ, ಎಸೆಯಿರಿ. ಪದಗಳು 2,048ರ ಪಟ್ಟಿಯವು, ಮೊದಲ ನಾಲ್ಕು ಅಕ್ಷರಕ್ಕೇ ಪದ ಯಾವುದು ಅಂತ ತಿಳಿಯುತ್ತೆ. ಕಾಗದದಲ್ಲಿ ಎರಡು ಪ್ರತಿ, ಎರಡು ಬೇರೆ ಮನೆಯಲ್ಲಿ. ಫೋಟೊ ಬೇಡ, ಫೋನ್ ತಾನೇ ಕ್ಲೌಡ್‌ಗೆ ಏರಿಸಿಬಿಡುತ್ತೆ. ದುಡ್ಡು ಹಾಕೋ ಮೊದಲು ಸಾಧನವನ್ನ ಪೂರ್ತಿ ಅಳಿಸಿ, ಕಾಗದ ನೋಡಿ ಮತ್ತೆ ತುಂಬಿ, ಅದೇ ವಿಳಾಸ ಬಂತಾ ನೋಡಿ. ಬಹಳ ಜನ ಈ ಹೆಜ್ಜೆ ಹಾರಿಸ್ತಾರೆ, ಒಂದು ಪದ ತಪ್ಪು ಬರೆದದ್ದು ಮೂರು ವರ್ಷದ ಮೇಲೆ ಗೊತ್ತಾಗುತ್ತೆ.

ಖಾತೆ_ಪುಸ್ತಕ
ಯಜಮಾನ ಹೋದ್ರೆ? ಬ್ಯಾಂಕಲ್ಲಿ ನಾಮಿನಿ ಇರ್ತಾರೆ, ಲಾಕರ್‌ಗೂ ಇರ್ತಾರೆ. ಇದಕ್ಕೆ?

ಇಪ್ಪತ್ತೊಂದು_ಮಿಲಿಯನ್
ಪದಗಳು ಎಲ್ಲಿವೆ ಅಂತ ಮನೆಯಲ್ಲಿ ಒಬ್ಬರಿಗೆ ಗೊತ್ತಿರಬೇಕು, ಬೇರೆ ಉಪಾಯ ಇಲ್ಲ. ಮೇಲೆ ಹೆಚ್ಚುವರಿ ಪಾಸ್‌ಫ್ರೇಸ್ ಇಟ್ಟಿದ್ರೆ ಅದನ್ನೂ ಬರೆದಿಡಿ. ಅದನ್ನ ತಪ್ಪು ಹೊಡೆದ್ರೆ ತಪ್ಪು ಅಂತ ಎಚ್ಚರಿಸಲ್ಲ, ಖಾಲಿ ಇರೋ ಬೇರೊಂದು ವಾಲೆಟ್ ಸುಮ್ಮನೆ ತೆರೆಯುತ್ತೆ. ಮನೆಯವರು ದುಡ್ಡು ಯಾರೋ ಕದ್ದರು ಅಂದ್ಕೊಳ್ತಾರೆ.

ಪಾಸ್‌ಬುಕ್_ಶೆಟ್ರು
ಚಿನ್ನವಾದ್ರೆ ಅಡ ಇಟ್ಟು ಸಂಜೆಗೆ ದುಡ್ಡು ತರಬಹುದು. ಇದು ಹನ್ನೆರಡು ಪದದ ಮಂತ್ರ, ಮರೆತರೆ ಮುಗೀತು.

ಮಲ್ನಾಡ್_ಮಳೆ
ನಮ್ಮ ಕಡೆ ಒಂದು ಗುಂಪು ತಿಂಗಳಿಗೆ ಶೇ. 10 ಗ್ಯಾರಂಟಿ ಅಂತ ಕ್ರಿಪ್ಟೊ ಸ್ಕೀಮ್ ಮಾಡ್ತಿದೆ, ಕೆಳಗೆ ಇಬ್ಬರನ್ನ ಸೇರಿಸಿದ್ರೆ ಬೋನಸ್ಸಂತೆ.

ಕಟಕಟೆ
ಗೇನ್‌ಬಿಟ್‌ಕಾಯಿನ್ ಅನ್ನೋ ಮೋಸದ ಸ್ಕೀಮ್ ಕೂಡ ಇದೇ ಮಾತು ಆಡಿತ್ತು. ತಿಂಗಳಿಗೆ ಶೇ. 10, 18 ತಿಂಗಳು, ಬಿಟ್‌ಕಾಯಿನ್‌ನಲ್ಲೇ ಕೊಡ್ತೀವಿ ಅಂತ. ಕೊನೆಗೆ ಕೊಟ್ಟದ್ದು ತಾವೇ ಹುಟ್ಟಿಸಿದ ಎಂಕ್ಯಾಪ್ ಅನ್ನೋ ಟೋಕನ್, ತಗೊಳ್ಳೋರಿಲ್ಲದ್ದು. ಈಗ ಸಿಬಿಐ ಕೇಸು. ಗ್ಯಾರಂಟಿ ಅನ್ನೋ ಪದ ಕಿವಿಗೆ ಬಿದ್ದ ಕೂಡಲೇ ಎದ್ದು ಬನ್ನಿ.

ಪಡುವಣ_ಗಾಳಿ
ಎಲ್ಲ ಓದಿದೆ. ಕೊನೆಯ ಪ್ರಶ್ನೆ. ಆಗಲೇ 600 ಯುಎಸ್‌ಡಿಟಿ ಊರಿನ ವಾಲೆಟ್‌ನಲ್ಲಿ ಕೂತಿದ್ರೆ, ಟ್ರಾನ್ ಜಾಲದಲ್ಲಿ, ಪಿ2ಪಿ ಬೇಡ ಅಂದ್ರೆ ಹೊರಗೆ ತರೋದು ಹೇಗೆ?

ಒರೆಗಲ್ಲು
ಎರಡು ದಾರಿ. ಒಂದು, ದುಬೈಯಲ್ಲಿ ಪರವಾನಗಿ ಇರೋ ಎಕ್ಸ್‌ಚೇಂಜ್‌ನ ಅಣ್ಣನ ಖಾತೆಗೇ ವಾಪಸ್ ಕಳಿಸಿ, ಅವನು ದಿರ್ಹಮ್ ಮಾಡಿ ಎಕ್ಸ್‌ಚೇಂಜ್ ಹೌಸಿಂದ ಹಾಕಲಿ. ಪಿ2ಪಿ ದರದ ಆಸೆ ಹೋಗುತ್ತೆ, ಕಾಗದ ಉಳಿಯುತ್ತೆ. ಎರಡು, ತಮ್ಮನ ಹೆಸರಲ್ಲೇ ಎಫ್‌ಐಯು ನೋಂದಣಿ ಇರೋ ಭಾರತದ ಎಕ್ಸ್‌ಚೇಂಜ್‌ಗೆ ಹಾಕಿ ಆರ್ಡರ್ ಬುಕ್‌ನಲ್ಲಿ ಮಾರಿ. ಆಗ ರೂಪಾಯಿ ಬರೋದು ಎಕ್ಸ್‌ಚೇಂಜ್‌ನ ಖಾತೆಯಿಂದ, ಗುರುತಿಲ್ಲದ ಯಾರಿಂದಲೋ ಅಲ್ಲ. ಶೇ. 1 ಟಿಡಿಎಸ್ ಅವರೇ ಕಡೀತಾರೆ. ಹೊರಗಿನ ವಾಲೆಟ್‌ನಿಂದ ಜಮೆ ತಗೊಳ್ತಾರಾ ಅಂತ ಮೊದಲು ಕೇಳಿ, ಎಲ್ಲರೂ ತಗೊಳ್ಳಲ್ಲ. ಮೂಲ ಏನು ಅಂತ ಕೇಳಿದ್ರೆ ಅಣ್ಣ ಕೊಂಡ ರಸೀದಿ ಕೊಡಿ.

ಗುಬ್ಬಿ_ಗೂಡು
ಕಳಿಸುವಾಗ ಜಾಲ ನೋಡ್ಕೊಳ್ಳಿ. ಟ್ರಾನ್ ವಿಳಾಸ ಟಿ ಅಕ್ಷರದಿಂದ ಶುರು, 34 ಅಕ್ಷರ. ಇಥೀರಿಯಂದು ಸೊನ್ನೆ-ಎಕ್ಸ್‌ನಿಂದ ಶುರು. ಎಕ್ಸ್‌ಚೇಂಜ್‌ನ ಡೆಪಾಸಿಟ್ ಪುಟದಲ್ಲಿ ಟಿಆರ್‌ಸಿ20 (ಟ್ರಾನ್ ಜಾಲ) ಅಂತ ಆರಿಸಿದ್ದೀರಾ ನೋಡಿ. ಹಳೇ ವ್ಯವಹಾರದ ಪಟ್ಟಿಯಿಂದ ವಿಳಾಸ ನಕಲು ಮಾಡಲೇಬೇಡಿ. ಮೊದಲ ನಾಲ್ಕು, ಕೊನೆ ನಾಲ್ಕು ಅಕ್ಷರ ನಿಮ್ಮದರ ಥರಾನೇ ಇರೋ ವಿಳಾಸ ಹುಟ್ಟಿಸಿ, ಸೊನ್ನೆ ಮೊತ್ತ ಕಳಿಸಿ ಪಟ್ಟಿಯಲ್ಲಿ ಕೂರಿಸಿರ್ತಾರೆ. ಮಧ್ಯದ ಅಕ್ಷರಗಳನ್ನೂ ಹೋಲಿಸಿ. ಮೊದಲು ಎಕ್ಸ್‌ಚೇಂಜ್‌ನ ಕನಿಷ್ಠ ಡೆಪಾಸಿಟ್ ಎಷ್ಟೋ ಅದಕ್ಕಿಂತ ಸ್ವಲ್ಪ ಜಾಸ್ತಿ ಕಳಿಸಿ, ಅದು ಖಾತೆಯಲ್ಲಿ ಕಂಡ ಮೇಲೆ ಉಳಿದದ್ದು.

ಪಡುವಣ_ಗಾಳಿ
ಪ್ರಯತ್ನ ಮಾಡಿದ್ರೆ ಬ್ಯಾಲೆನ್ಸ್ ಸಾಲದು ಅಂತ ತೋರಿಸ್ತದಂತೆ. 600 ಇದೆಯಲ್ಲ?

ಗುಬ್ಬಿ_ಗೂಡು
ಟ್ರಾನ್‌ನಲ್ಲಿ ಶುಲ್ಕ ಯುಎಸ್‌ಡಿಟಿಯಲ್ಲಿ ಹೋಗಲ್ಲ, ಆ ಜಾಲದ ಸ್ವಂತ ನಾಣ್ಯ ಟಿಆರ್‌ಎಕ್ಸ್‌ನಲ್ಲಿ ಹೋಗುತ್ತೆ. ಆ ವಾಲೆಟ್‌ನಲ್ಲಿ ಅದು ಒಂದೂ ಇಲ್ಲ. ಅಣ್ಣನಿಗೆ ಹೇಳಿ ಎಕ್ಸ್‌ಚೇಂಜ್‌ನಿಂದ ಅದೇ ವಿಳಾಸಕ್ಕೆ 30 ಟಿಆರ್‌ಎಕ್ಸ್ ಹಾಕಿಸಿ. ತಗೊಳ್ಳೋ ವಿಳಾಸದಲ್ಲಿ ಮೊದಲೇ ಯುಎಸ್‌ಡಿಟಿ ಇಲ್ಲದಿದ್ರೆ ಮೊದಲ ಸಲದ ಶುಲ್ಕ ಸುಮಾರು ಎರಡರಷ್ಟು, ಹೊಸ ಡೆಪಾಸಿಟ್ ವಿಳಾಸ ಆಗಿರೋದ್ರಿಂದ ಅದಕ್ಕೂ ಸೇರಿಸಿ ಹೇಳ್ತಿದ್ದೀನಿ. ಟಿಆರ್‌ಎಕ್ಸ್ ಕೊಡ್ತೀವಿ, ನಿಮ್ಮ ಪದಗಳನ್ನ ಇಲ್ಲಿ ಹಾಕಿ ಅಂತ ಯಾರಾದ್ರೂ ನಿಮಗೆ ಇನ್‌ಬಾಕ್ಸ್‌ಗೆ ಬಂದ್ರೆ ಸ್ಕ್ರೀನ್‌ಶಾಟ್ ಇಲ್ಲಿ ಹಾಕಿ, ಬ್ಲಾಕ್ ಮಾಡ್ಸೋಣ.

ಪಡುವಣ_ಗಾಳಿ
ಆಗಲೇ ಇಬ್ಬರು ಬಂದಿದ್ದಾರೆ ಮಾರಾಯ್ರೆ. ಹಾಕ್ತೇನೆ ಇರಿ.